ಛತ್ರದವನ ಕೈಗಿಟ್ಟ ಎರಡು ನಾಣ್ಯ

ಕ್ರಿಸ್ಮಸ್ ಹತ್ತಿರ ಬಂದರೆ ಮುಂಬಯಿಯ ಚರ್ಚುಗಳಲ್ಲಿ ಕಂಬಳಿ ಸಂಗ್ರಹ ಶುರುವಾಗುತ್ತದೆ. ಒಳ್ಳೆಯದೇ. ಆದರೆ ಈ ಊರಿನ ಫುಟ್‌ಪಾತ್‌ನಲ್ಲಿ ಮಲಗುವವರಿಗೆ ಡಿಸೆಂಬರ್ ಚಳಿಗಿಂತ ಜೂನ್ ಮಳೆ ದೊಡ್ಡ ಕಷ್ಟ. ಆಗ ತಾಡಪಾಲು ಹಂಚುವ ಚರ್ಚು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ. ದಾನ ಕೊಡುವ ದಿನ ನಮ್ಮ ಹಬ್ಬಕ್ಕೆ ಹೊಂದುತ್ತದೆ, ಅವರ ಮಳೆಗಾಲಕ್ಕೆ ಹೊಂದುವುದಿಲ್ಲ.

2011ರ ಜನಗಣತಿಯ ಪ್ರಕಾರ ದೇಶದಲ್ಲಿ ಮನೆಯಿಲ್ಲದವರು ಸುಮಾರು 17.7 ಲಕ್ಷ, ಬೃಹನ್ಮುಂಬಯಿಯಲ್ಲೇ 57 ಸಾವಿರಕ್ಕೂ ಹೆಚ್ಚು. ಒಂದೇ ರಾತ್ರಿ ನಡೆದ ಎಣಿಕೆ ಅದು. ಮೇಲ್ಸೇತುವೆಯ ಅಡಿ, ಅಂಗಡಿ ಜಗಲಿ, ನಿಂತ ಲಾರಿಯ ಮರೆ ಇವೆಲ್ಲ ಎಷ್ಟು ಸಿಕ್ಕವೋ ಅಷ್ಟು. ಮುಂದಿನ ಗಣತಿ 2027ರ ಮಾರ್ಚ್ 1ನ್ನು ಆಧಾರವಾಗಿಟ್ಟುಕೊಂಡು ನಡೆಯಲಿದೆ. ಅಲ್ಲಿಯವರೆಗೂ ಎಲ್ಲ ಯೋಜನೆಗೂ ಇದೇ ಹಳೆಯ ಲೆಕ್ಕ.

ನಗರದ ಪ್ರತಿ ಒಂದು ಲಕ್ಷ ಜನಸಂಖ್ಯೆಗೆ ನೂರು ಜನ ಮಲಗುವಷ್ಟು ದೊಡ್ಡ ಒಂದು ಆಶ್ರಯಧಾಮ ಇರಬೇಕೆಂಬುದು ಸರ್ಕಾರದ ನಿಯಮ. ಆಹಾರ ಹಕ್ಕಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒತ್ತಾಯಿಸಿದ ಮೇಲೆ, 2013ರ ನಗರ ಜೀವನೋಪಾಯ ಅಭಿಯಾನದಲ್ಲಿ ಇದು ಸೇರಿತು. ಆ ಲೆಕ್ಕದಲ್ಲಿ ಮುಂಬಯಿಗೆ 120ಕ್ಕೂ ಹೆಚ್ಚು ಬೇಕು. ಇರುವುದು ಅದರ ಹತ್ತಿರಕ್ಕೂ ಬರುವುದಿಲ್ಲ.

ಬೈಬಲ್ಲಿನ ಒಳ್ಳೆಯ ಸಮಾರಿಯದವನ ಕಥೆ ಕ್ರೈಸ್ತರಲ್ಲದವರಿಗೂ ಗೊತ್ತು. ದಾರಿಯಲ್ಲಿ ಗಾಯಗೊಂಡು ಬಿದ್ದವನಿಗೆ ಅವನು ಎಣ್ಣೆ ಹಚ್ಚಿ ಪಟ್ಟಿ ಕಟ್ಟಿದ್ದನ್ನು ನಾವು ನೆನಪಿಟ್ಟುಕೊಂಡಿದ್ದೇವೆ. ಅವನನ್ನು ಛತ್ರಕ್ಕೆ ಸೇರಿಸಿ, ಛತ್ರದವನಿಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿಗೆ ಖರ್ಚಾದರೆ ಹಿಂದಿರುಗುವಾಗ ಕೊಡುತ್ತೇನೆ ಎಂದದ್ದನ್ನು ಅಷ್ಟಾಗಿ ನೆನೆಯುವುದಿಲ್ಲ. ನನಗೆ ಕಥೆಯ ಮುಖ್ಯ ಭಾಗ ಇದೇ ಅನ್ನಿಸುತ್ತದೆ. ಛತ್ರವೇ ಇಲ್ಲದ ಊರಾಗಿದ್ದರೆ ಅವನು ಏನು ಮಾಡುತ್ತಿದ್ದ? ಇನ್ನೂ ಒಂದು: ಗಾಯಾಳುವಿನ ಕುಲ ಅವನು ಕೇಳಲಿಲ್ಲ, ತನ್ನ ಮತಕ್ಕೆ ಬಾ ಎಂದೂ ಕರೆಯಲಿಲ್ಲ. ಒಂದು ತಟ್ಟೆ ಅನ್ನದ ಹಿಂದೆಯೂ ಮತಾಂತರ ಹುಡುಕುವ ಈ ಕಾಲದಲ್ಲಿ ಚರ್ಚಿನವರೂ, ಅನುಮಾನಿಸುವವರೂ ಇಬ್ಬರೂ ಗಮನಿಸಬೇಕಾದ ಮಾತಿದು.

ಮದರ್ ತೆರೇಸಾರ ಸೋದರಿಯರು ಬೈಕಲಾದ ಆಶಾದಾನದಲ್ಲಿ ಬೀದಿಯಿಂದ ಬಂದ ರೋಗಿಗಳನ್ನೂ ಅನಾಥರನ್ನೂ ನೋಡಿಕೊಳ್ಳುತ್ತಾರೆ. ಅದು ಅವರ ಇಡೀ ಬದುಕು. ನಮ್ಮಂಥ ನೌಕರಿಯವರಿಂದ ಅದಾಗದು. ಬಡವರ ಮನೆಗೆ ಹೋಗಿ ವಿಚಾರಿಸುವ ಸಂತ ವಿನ್ಸೆಂಟ್ ದ ಪಾವ್ಲ್ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿತು. ಮಂಗಳೂರು ಕಡೆಯವರಿಗೆ ಅದರ ಪರಿಚಯ ಹೇಳಬೇಕಿಲ್ಲ. ಮನೆ ಭೇಟಿಯೇ ಅದರ ಜೀವಾಳ. ಮನೆಯೇ ಇಲ್ಲದವರನ್ನು ಎಲ್ಲಿ ಭೇಟಿಯಾಗುವುದು? ಪೋಪ್ ಫ್ರಾನ್ಸಿಸ್ 2017ರಲ್ಲಿ ಮಿಲಾನಿನ ಒಂದು ಬೀದಿ ಪತ್ರಿಕೆಗೆ ಕೊಟ್ಟ ಸಂದರ್ಶನದಲ್ಲಿ, ಕೇಳಿದವರಿಗೆ ಕೊಡುವುದು ಯಾವಾಗಲೂ ಸರಿ, ಕೊಡುವಾಗ ಅವರ ಕಣ್ಣು ನೋಡಿ ಕೊಡಿ ಎಂಬ ಅರ್ಥದ ಮಾತು ಹೇಳಿದ್ದರು. ದಿನವೂ ನಡೆಯುವ ದಾರಿಯಲ್ಲಿ ಹೆಸರು ಕೇಳಿ ಎರಡು ಮಾತಾಡುವುದಕ್ಕೆ ಯಾವ ಸಭೆಯ ಸದಸ್ಯತ್ವವೂ ಬೇಡ.

ಕಾನೂನಿನ ಕಥೆ ಬೇರೆ. ಮುಂಬಯಿ ಭಿಕ್ಷಾಟನೆ ತಡೆ ಕಾಯ್ದೆ 1959ರದು. ಜೀವನೋಪಾಯ ಕಾಣದೆ ಸಾರ್ವಜನಿಕ ಸ್ಥಳದಲ್ಲಿ ಅಲೆಯುವವರನ್ನೂ ಅದು ಭಿಕ್ಷುಕರೆಂದೇ ಕರೆಯುತ್ತದೆ. ವಾರಂಟ್ ಇಲ್ಲದೆ ಬಂಧಿಸಬಹುದು. ಮೊದಲ ಸಲಕ್ಕೇ ಒಂದರಿಂದ ಮೂರು ವರ್ಷ ಕೂಡಿಹಾಕಬಹುದು. ದೆಹಲಿ ಹೈಕೋರ್ಟ್ 2018ರಲ್ಲಿ ಇದರ ಮುಖ್ಯ ಕಲಮುಗಳನ್ನು ದೆಹಲಿಯ ಮಟ್ಟಿಗೆ ರದ್ದು ಮಾಡಿತು. ಮಹಾರಾಷ್ಟ್ರದಲ್ಲಿ ಕಾಯ್ದೆ ಉಳಿದಿದೆ. ನಮ್ಮ ಕರ್ನಾಟಕವೂ ಹೊರತಲ್ಲ, ಅಲ್ಲಿ 1975ರ ಕಾಯ್ದೆ. ಊರಿನಲ್ಲಿ ಮನೆಯಿದ್ದರೆ ಆಸ್ತಿ ತೆರಿಗೆಯ ರಸೀದಿ ತೆಗೆದು ನೋಡಿ: ಶೇ 3 ಭಿಕ್ಷುಕರ ಸೆಸ್ ನಾವೂ ಕಟ್ಟುತ್ತಿದ್ದೇವೆ. ಆ ದುಡ್ಡು ಎಲ್ಲಿ, ಹೇಗೆ ಖರ್ಚಾಗುತ್ತದೆ ಎಂದು ಕೇಳುವವರು ವಿರಳ.

ದಿನನಿತ್ಯ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಮನೆ ಇಲ್ಲದವರೂ ಮತದಾರರಾಗಬಹುದು. ನಮೂನೆ 6ರಲ್ಲಿ ತಾವು ಮಲಗುವ ಜಾಗ ಬರೆದರೆ ಸಾಕು, ವಿಳಾಸದ ಕಾಗದ ಬೇಕಿಲ್ಲ. ಮತಗಟ್ಟೆ ಅಧಿಕಾರಿಯೇ ರಾತ್ರಿ ಬಂದು ಅಲ್ಲಿ ಮಲಗಿದ್ದಾರೆಯೇ ಎಂದು ಖಚಿತಪಡಿಸಿಕೊಳ್ಳಬೇಕು. ಕಂಬಳಿ ಎರಡು ವರ್ಷ ಬಾಳಿಕೆ ಬರಬಹುದು. ಪಟ್ಟಿಯಲ್ಲಿ ಹೆಸರಿದ್ದವನನ್ನು ಕಾರ್ಪೊರೇಟರ್ ಐದು ವರ್ಷಕ್ಕೊಮ್ಮೆಯಾದರೂ ನೆನೆಯಬೇಕಾಗುತ್ತದೆ. ಅರ್ಜಿ ತುಂಬಿಕೊಡಲು ಓದುಬರಹ ಬಲ್ಲ ಒಬ್ಬರು, ಒಂದು ಸಂಜೆ, ಇಷ್ಟು ಸಾಕು. ತೊಡಕು ಇರುವುದು ಅಧಿಕಾರಿ ಬರುವ ರಾತ್ರಿ ಆ ವ್ಯಕ್ತಿ ಅಲ್ಲೇ ಇರಬೇಕಾದ್ದರಲ್ಲಿ. ಹಿಂದಿನ ದಿನವೇ ಲಾರಿ ಬಂದು ಗಂಟುಮೂಟೆ ಎತ್ತಿಕೊಂಡು ಹೋಗಿದ್ದರೆ ಅರ್ಜಿಯೂ ಹೋಯಿತು. ಲಾರಿಯನ್ನು ಎಷ್ಟೋ ಸಲ ಕರೆಸುವುದು ಎದುರಿನ ಹೌಸಿಂಗ್ ಸೊಸೈಟಿಯ ದೂರು. ಆ ದೂರಿನ ಹಾಳೆ ಮನೆಮನೆಗೆ ಬಂದಾಗ, ಭಾನುವಾರದ ಬಲಿಪೂಜೆ ಮುಗಿಸಿ ಬಂದವರೂ ಸಹಿ ಹಾಕುತ್ತಾರೆ.