ಹಳೆಯ ಹೈಬ್ರಿಡ್ ಕಾರು: ಉಳಿತಾಯ ಯಾರಿಗೆ?

ಜಿಲ್ಲೆಯೊಂದು ಒಡೆದಾಗ ನಕ್ಷೆಯಲ್ಲಿ ಒಂದು ಗೆರೆ ಮೂಡುತ್ತದೆ. ಜನರ ದಿನಚರಿ ಮಾತ್ರ ಆ ಗೆರೆಯನ್ನು ಅನುಸರಿಸುವುದಿಲ್ಲ. 2021ರಲ್ಲಿ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಜಿಲ್ಲಾ ಕೇಂದ್ರವಾಯಿತು. ಸಂಡೂರು ಮತ್ತು ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲಿಯೇ ಉಳಿದವು. ಆದರೆ ಮಕ್ಕಳ ಶಾಲೆ, ಬಾಡಿಗೆ ಮನೆ, ಆಸ್ಪತ್ರೆಗಳ ಅನುಕೂಲಕ್ಕಾಗಿ ಹೊಸಪೇಟೆಯಲ್ಲಿ ಸಂಸಾರ ಹೂಡಿ, ಸಂಡೂರಿನ ಕಚೇರಿಗೋ ಕಂಪ್ಲಿಯ ಶಾಲೆಗೋ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಗೋ ದಿನವೂ ಹೋಗಿಬರುವ ಕುಟುಂಬಗಳು ಹಾಗೆಯೇ ಇವೆ. ಈ ಮೂರು ದಿಕ್ಕಿಗೂ ದೂರ ಒಂದೇ ಕಡೆಗೆ ಮೂವತ್ತು ಕಿಲೋಮೀಟರಿನ ಆಸುಪಾಸು. ಹಂಪಿಗೆ ಮಾತ್ರ ಹದಿಮೂರು.

ಹೊಸಪೇಟೆಯ ನಿವಾಸಿಯಾದ ನನಗೆ ಇಂಥ ಸಹಪ್ರಯಾಣಿಕರ ನಡುವೆ ಈಚೆಗೆ ಪದೇ ಪದೇ ಕೇಳಿಬರುತ್ತಿರುವ ಪ್ರಶ್ನೆ ಇದು: ಪೆಟ್ರೋಲ್ ಬೆಲೆ ನೂರು ದಾಟಿರುವಾಗ ಒಂದು ಸೆಕೆಂಡ್ ಹ್ಯಾಂಡ್ ಹೈಬ್ರಿಡ್ ಕಾರು ಕೊಳ್ಳುವುದು ಜಾಣತನವಲ್ಲವೇ?

ಪ್ರಶ್ನೆ ಈಗ ಎದ್ದಿರುವುದಕ್ಕೆ ಕಾರಣವಿದೆ. ಹೈಬ್ರಿಡ್ ಕಾರು ಭಾರತಕ್ಕೆ ಹೊಸದಲ್ಲ. 2008ರಲ್ಲಿ ಹೋಂಡಾ ಸಿವಿಕ್ ಹೈಬ್ರಿಡ್, 2010ರಲ್ಲಿ ಟೊಯೊಟಾ ಪ್ರಿಯಸ್ ಆಮದಾಗಿ ಬಂದವು. 2013ರಲ್ಲಿ ನಮ್ಮ ಬಿಡದಿಯಲ್ಲಿಯೇ ಕ್ಯಾಮ್ರಿ ಹೈಬ್ರಿಡ್ ಜೋಡಣೆ ಆರಂಭವಾಯಿತು. ಅವೆಲ್ಲ ಸಿರಿವಂತರ ಕಾರುಗಳಾಗಿದ್ದವು. ಮಧ್ಯಮ ವರ್ಗದ ಕೈಗೆಟಕುವಂಥ ಹೈಬ್ರಿಡ್‌ಗಳು ಬಂದದ್ದು 2022ರಲ್ಲಿ: ಹೋಂಡಾ ಸಿಟಿಯ ಹೈಬ್ರಿಡ್ ರೂಪ, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್, ಅದರ ಸೋದರನಂತಿರುವ ಮಾರುತಿ ಗ್ರ್ಯಾಂಡ್ ವಿಟಾರ. ಅಂದು ಮಾರಾಟವಾದ ಕಾರುಗಳು ಈಗ ಮೊದಲ ಮಾಲೀಕರ ಕೈಬಿಟ್ಟು ಹಳೆಯ ಕಾರುಗಳ ಮಾರುಕಟ್ಟೆಗೆ ಬರುತ್ತಿವೆ. ಲೀಟರಿಗೆ ಸುಮಾರು 28 ಕಿಲೋಮೀಟರ್ ಎಂಬ ಕಂಪನಿಯ ಘೋಷಣೆ ಅವುಗಳ ಜೊತೆಗೇ ಬರುತ್ತಿದೆ.

ಮೊದಲು ಹೆಸರಿನ ಗೊಂದಲವನ್ನು ನಿವಾರಿಸಿಕೊಳ್ಳಬೇಕು. ಹಿಂಬದಿಯಲ್ಲಿ ‘ಹೈಬ್ರಿಡ್’ ಎಂಬ ಫಲಕವಿರುವ ಕಾರೆಲ್ಲ ಹೈಬ್ರಿಡ್ ಅಲ್ಲ. ಮಾರುತಿ 2015ರಿಂದ ಸಿಯಾಜ್ ಮತ್ತು ಎರ್ಟಿಗಾ ಕಾರುಗಳಲ್ಲಿ ಅಳವಡಿಸಿದ್ದು ‘ಮೈಲ್ಡ್ ಹೈಬ್ರಿಡ್’. ಅಲ್ಲಿ ಪುಟ್ಟ ಮೋಟಾರು ಎಂಜಿನ್ನಿಗೆ ಕೈಜೋಡಿಸುತ್ತದೆಯೇ ಹೊರತು ಕಾರನ್ನು ತಾನೇ ಓಡಿಸಲಾರದು. ಕೇಂದ್ರ ಸರ್ಕಾರವೇ 2017ರಲ್ಲಿ ಇಂಥ ಕಾರುಗಳನ್ನು ‘ಫೇಮ್’ ಸಹಾಯಧನದ ಪಟ್ಟಿಯಿಂದ ಕೈಬಿಟ್ಟಿತು. ಗ್ರ್ಯಾಂಡ್ ವಿಟಾರ ಎರಡೂ ಬಗೆಯಲ್ಲಿ ಮಾರಾಟವಾಗಿದೆ. ನೋಡಲು ಒಂದೇ ಬಗೆಯ ಎರಡು ಕಾರುಗಳಲ್ಲಿ ಒಂದು ಪೂರ್ಣ ಹೈಬ್ರಿಡ್, ಇನ್ನೊಂದು ಹೆಸರಿಗಷ್ಟೇ ಹೈಬ್ರಿಡ್. ದಲ್ಲಾಳಿಯ ಮಾತಿನಲ್ಲಿ ಈ ವ್ಯತ್ಯಾಸ ಮಾಯವಾಗುವುದು ಸುಲಭ. ಆರ್‌ಸಿ ಮತ್ತು ಕಾರಿನ ಶ್ರೇಣಿಯ ಹೆಸರನ್ನು ತಾಳೆ ನೋಡದೆ ಮುಂಗಡ ಕೊಡಬಾರದು.

ಇನ್ನು ಪೂರ್ಣ ಹೈಬ್ರಿಡ್‌ನ ಮಾತು. ಬ್ರೇಕ್ ಹಾಕಿದಾಗ ಬಿಸಿಯಾಗಿ ಗಾಳಿಗೆ ಹೋಗುವ ಶಕ್ತಿಯನ್ನು ಅದು ಬ್ಯಾಟರಿಯಲ್ಲಿ ಕೂಡಿಡುತ್ತದೆ. ನಿಧಾನ ಗತಿಯಲ್ಲಿ ಎಂಜಿನ್ ನಿಲ್ಲಿಸಿ ಮೋಟಾರಿನಿಂದ ಸಾಗುತ್ತದೆ. ಹೀಗಾಗಿ ಸಿಗ್ನಲ್‌ನಿಂದ ಸಿಗ್ನಲ್‌ಗೆ ತೆವಳುವ ಬೆಂಗಳೂರಿನ ಸಂಚಾರದಲ್ಲಿ ಅದರ ಗುಣ ಮೆರೆಯುತ್ತದೆ. ನಮ್ಮ ಪರಿಸ್ಥಿತಿ ಬೇರೆ. ಬಳ್ಳಾರಿ ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ಬ್ರೇಕ್‌ನ ಕೆಲಸ ಕಡಿಮೆ, ಆದ್ದರಿಂದ ಮರಳಿ ಪಡೆಯುವ ಶಕ್ತಿಯೂ ಕಡಿಮೆ. ಅಂಥ ರಸ್ತೆಯಲ್ಲಿ ಹೈಬ್ರಿಡ್ ಎಂಜಿನ್ನಿನ ಮಿತವ್ಯಯದ ಗುಣವೊಂದೇ ಉಳಿಯುತ್ತದೆ. ಸಂಡೂರಿನ ಗುಡ್ಡಗಳ ಇಳಿಜಾರಿನಲ್ಲಿ ಬ್ಯಾಟರಿ ತುಂಬುವುದೇನೋ ನಿಜ. ಆದರೆ ಹೈರೈಡರ್‌ನಂಥ ಕಾರಿನ ಬ್ಯಾಟರಿಯ ಸಾಮರ್ಥ್ಯ ಒಂದು ಯೂನಿಟ್ ವಿದ್ಯುತ್ತಿಗಿಂತಲೂ ಕಡಿಮೆ. ಅದು ಬೇಗ ತುಂಬುತ್ತದೆ, ಬೇಗ ಬರಿದಾಗುತ್ತದೆ. ಆದ್ದರಿಂದ ಪ್ರಯೋಗಶಾಲೆಯ 28ನ್ನು ಮರೆತು, ನಮ್ಮ ರಸ್ತೆಗೆ ಲೀಟರಿಗೆ 22 ಎಂದು ಹಿಡಿಯುವುದು ಕ್ಷೇಮ.

ಈಗ ಲೆಕ್ಕ. ಸಂಡೂರಿಗೋ ಕಂಪ್ಲಿಗೋ ದಿನಕ್ಕೆ 60 ಕಿ.ಮೀ., ತಿಂಗಳಿಗೆ 25 ದಿನ; ವರ್ಷಕ್ಕೆ 18,000 ಕಿ.ಮೀ. ಅದೇ ಗಾತ್ರದ ಸಾಮಾನ್ಯ ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ. ಕೊಟ್ಟರೆ ವರ್ಷಕ್ಕೆ 1,200 ಲೀಟರ್ ಬೇಕು. ಹೈಬ್ರಿಡ್‌ಗೆ ಸುಮಾರು 818 ಲೀಟರ್ ಸಾಕು. ಲೀಟರಿಗೆ 103 ರೂಪಾಯಿಯಂತೆ ವರ್ಷದ ಉಳಿತಾಯ ಸುಮಾರು 39,000 ರೂಪಾಯಿ. ಸಣ್ಣ ಮೊತ್ತವಲ್ಲ. ಹಂಪಿಯವರೆಗೆ ಮಾತ್ರ ಹೋಗಿಬರುವವರಿಗೆ ಇದೇ ಲೆಕ್ಕದಲ್ಲಿ ಉಳಿಯುವುದು ವರ್ಷಕ್ಕೆ 17,000 ರೂಪಾಯಿ.

ಆದರೆ ಹೈಬ್ರಿಡ್ ಕಾರಿಗೆ ಹಳೆಯದಾದ ಮೇಲೂ ಬೆಲೆ ಹೆಚ್ಚು. ಅದೇ ಮಾದರಿಯ, ಅದೇ ವರ್ಷದ ಪೆಟ್ರೋಲ್ ಕಾರಿಗಿಂತ ಮೂರು ಲಕ್ಷ ಹೆಚ್ಚು ಕೇಳಿದರು ಎಂದಿಟ್ಟುಕೊಳ್ಳೋಣ. ಆ ಮೂರು ಲಕ್ಷವನ್ನು ಶೇ 11ರ ಬಡ್ಡಿಗೆ ಸಾಲ ತಂದರೆ ಮೊದಲ ವರ್ಷದ ಬಡ್ಡಿಯೇ 33,000 ರೂಪಾಯಿಯ ಹತ್ತಿರ. ಪೆಟ್ರೋಲ್ ಬಂಕಿನಲ್ಲಿ ಉಳಿಸಿದ್ದು ಬ್ಯಾಂಕಿಗೆ ಹೋಯಿತು! ಮುಂದೆ ಮಾರುವಾಗ ಹೆಚ್ಚು ಬೆಲೆ ಬರುತ್ತದೆ ಎಂಬ ಸಮಾಧಾನವಿದೆ. ಅದು ಆ ಹೊತ್ತಿನಲ್ಲಿ ಬ್ಯಾಟರಿ ಎಷ್ಟು ಗಟ್ಟಿಯಾಗಿದೆ ಎಂಬುದನ್ನು ಅವಲಂಬಿಸಿದೆ. ವ್ಯತ್ಯಾಸ ಒಂದೂವರೆ ಲಕ್ಷದೊಳಗಿದ್ದು, ಕೈಯಲ್ಲಿ ಹಣವಿದ್ದರೆ ಮಾತ್ರ ನಾಲ್ಕು ವರ್ಷದೊಳಗೆ ಹಾಕಿದ್ದು ಹಿಂದಿರುಗುತ್ತದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯಿದೆ. ಹೈಬ್ರಿಡ್ ಕಾರನ್ನು ನಾವು ಯಾವುದರೊಂದಿಗೆ ಹೋಲಿಸುತ್ತಿದ್ದೇವೆ? ಒಬ್ಬರೇ ಕುಳಿತು ಕಚೇರಿಗೆ ಹೋಗಲು ದೊಡ್ಡ ಕಾರು ಬೇಕೇ ಬೇಕೆಂದೇನಿಲ್ಲ. ಹೆದ್ದಾರಿಯಲ್ಲಿ ಲೀಟರಿಗೆ 19 ಕಿ.ಮೀ. ಕೊಡುವ ಸಣ್ಣ ಪೆಟ್ರೋಲ್ ಕಾರಿನೊಂದಿಗೆ ಹೋಲಿಸಿದರೆ ಹೈಬ್ರಿಡ್‌ನ ವಾರ್ಷಿಕ ಉಳಿತಾಯ 13,000 ರೂಪಾಯಿಯ ಆಸುಪಾಸಿಗೆ ಇಳಿಯುತ್ತದೆ. ಅದಕ್ಕಾಗಿ ಹಲವು ಲಕ್ಷ ಹೆಚ್ಚು ಸುರಿಯುವುದು ಯಾವ ಲೆಕ್ಕಕ್ಕೂ ಒಗ್ಗುವುದಿಲ್ಲ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿದ ಮೇಲಂತೂ ಹೊಸ ಸಣ್ಣ ಕಾರೇ ಹಳೆಯ ಹೈಬ್ರಿಡ್‌ಗೆ ಪೈಪೋಟಿ ಕೊಡುತ್ತಿದೆ. ಹೈಬ್ರಿಡ್ ಉಳಿತಾಯ ತರುವುದು, ಹೇಗೂ ದೊಡ್ಡ ಕಾರನ್ನೇ ಕೊಳ್ಳಬೇಕಾಗಿರುವ, ಹೆಚ್ಚು ಓಡಾಡುವ ಕುಟುಂಬಕ್ಕೆ ಮಾತ್ರ.

ನಮ್ಮ ಸೀಮೆಯ ಕೆಂಧೂಳು ಈ ಲೆಕ್ಕದಲ್ಲಿ ಸೇರಲೇಬೇಕು. 2011ರಲ್ಲಿ ಸುಪ್ರೀಂ ಕೋರ್ಟ್ ಆದೇಶದಿಂದ ನಿಂತ ಗಣಿಗಾರಿಕೆ ಬಳಿಕ ಮಿತಿಗಳೊಂದಿಗೆ ಮರಳಿ ಆರಂಭವಾಯಿತು. ಅದಿರಿನ ಲಾರಿಗಳು ಸಂಡೂರು ಸೀಮೆಯ ರಸ್ತೆಗಳಿಗೆ ಮರಳಿದವು. ಅನೇಕ ಹೈಬ್ರಿಡ್ ಕಾರುಗಳ ಬ್ಯಾಟರಿಯನ್ನು ತಂಪಾಗಿಡುವುದು ಹಿಂದಿನ ಸೀಟಿನ ಬಳಿಯ ಕಿಂಡಿಯಿಂದ ಒಳಸೇರುವ ಗಾಳಿ. ಅಲ್ಲಿನ ಜಾಲರಿಯಲ್ಲಿ ಧೂಳು ಕಟ್ಟಿದರೆ ಬ್ಯಾಟರಿ ಬಿಸಿಯೇರುತ್ತದೆ, ಆಯುಷ್ಯ ಕುಗ್ಗುತ್ತದೆ. ನಲವತ್ತು ಡಿಗ್ರಿ ಮುಟ್ಟುವ ಬೇಸಗೆಯಲ್ಲಿ ಇದು ಕಡೆಗಣಿಸುವ ವಿಷಯವಲ್ಲ. ಕೊಳ್ಳುವ ಕಾರು ಈವರೆಗೆ ಎಲ್ಲಿ ಓಡಿತ್ತು, ಆ ಜಾಲರಿಯನ್ನು ಸರ್ವಿಸ್‌ನಲ್ಲಿ ಶುಚಿಗೊಳಿಸಿದ ದಾಖಲೆ ಇದೆಯೇ ಎಂದು ಕೇಳಲೇಬೇಕು. ನೂರಾರು ವೋಲ್ಟ್ ಹರಿಯುವ ಆ ವ್ಯವಸ್ಥೆಗೆ ಬೀದಿಬದಿಯ ಮೆಕ್ಯಾನಿಕ್ ಕೈಹಾಕುವಂತಿಲ್ಲ. ತರಬೇತಿ ಪಡೆದವರು ಎಷ್ಟು ದೂರದಲ್ಲಿದ್ದಾರೆ ಎಂಬುದನ್ನು ಮೊದಲೇ ವಿಚಾರಿಸಿಕೊಳ್ಳಬೇಕು.

ಟೊಯೊಟಾ ತನ್ನ ಹೈಬ್ರಿಡ್ ಬ್ಯಾಟರಿಗೆ ಎಂಟು ವರ್ಷ ಅಥವಾ 1.60 ಲಕ್ಷ ಕಿ.ಮೀ., ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ ವಾರಂಟಿ ನೀಡುತ್ತದೆ. 2022ರ ಕೊನೆಯಲ್ಲಿ ಮಾರಾಟವಾದ ಕಾರಿಗೆ ಅದು 2030ರ ಕೊನೆಗೆ ಮುಗಿಯುತ್ತದೆ. 2026ರಲ್ಲಿ ಐದು ವರ್ಷದ ಸಾಲ ಪಡೆದು ಅಂಥ ಕಾರು ಕೊಂಡವರಿಗೆ ಕಂತು ತೀರುವ ಮೊದಲೇ ವಾರಂಟಿ ತೀರಿರುತ್ತದೆ. ಎರಡನೆಯ ಮಾಲೀಕನಿಗೂ ವಾರಂಟಿ ಸಲ್ಲುತ್ತದೆಯೇ ಎಂಬುದನ್ನು ಕಂಪನಿಯ ಸರ್ವಿಸ್ ಸೆಂಟರಿನಿಂದ ಲಿಖಿತವಾಗಿ ಪಡೆಯುವುದು ಒಳಿತು. ಅಗ್ಗಕ್ಕೆ ಸಿಗುವ ಹತ್ತು ವರ್ಷ ಹಳೆಯ ಕ್ಯಾಮ್ರಿಗೆ ಈ ರಕ್ಷಣೆ ಉಳಿದಿಲ್ಲ. ಇನ್ನೊಂದು ಮಾತು: 2023ರ ಏಪ್ರಿಲ್‌ಗಿಂತ ಮೊದಲು ತಯಾರಾದ ಕಾರು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಹೊಂದುತ್ತದೆಯೇ ಎಂಬುದನ್ನೂ ಮಾಲೀಕರ ಕೈಪಿಡಿಯಲ್ಲಿ ನೋಡಬೇಕು. ಅಂಥ ಇಂಧನದಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ಸಹಜ.

ಹೈದರಾಬಾದಿನಲ್ಲಿ ಅಗ್ಗಕ್ಕೆ ಸಿಗುತ್ತದೆಂದು ಹೊರರಾಜ್ಯದ ಕಾರು ತರುವವರಿದ್ದಾರೆ. ಅದನ್ನು ಇಲ್ಲಿ ಮರುನೋಂದಣಿ ಮಾಡಿಸುವಾಗ ಕಟ್ಟಬೇಕಾದ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಬೆಲೆಗೆ ಸೇರಿಸಿಕೊಂಡರೆ ಅಗ್ಗದ ಮಾತು ಬಹುಪಾಲು ಅಳಿಸಿಹೋಗುತ್ತದೆ. ನಮ್ಮಲ್ಲೇ ನೋಂದಣಿಯಾದ ಕಾರಿಗೆ ಆ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿ ಮುಗಿಸಿರುತ್ತಾನೆ.

ಹಾಗಾದರೆ ವಿದ್ಯುತ್ ಕಾರು? ದಿನಕ್ಕೆ 60 ಕಿ.ಮೀ. ಎಂಬುದು ಅದಕ್ಕೆ ಹೇಳಿಮಾಡಿಸಿದ ದೂರ. ಯೂನಿಟ್‌ಗೆ 7 ಕಿ.ಮೀ.ನಂತೆ ತಿಂಗಳಿಗೆ ಸುಮಾರು 214 ಯೂನಿಟ್. ಯೂನಿಟ್‌ಗೆ ಆರು ರೂಪಾಯಿಯಂತೆ 1,300 ರೂಪಾಯಿ. ಹೈಬ್ರಿಡ್‌ಗೆ ಅದೇ ಓಡಾಟಕ್ಕೆ 7,000 ರೂಪಾಯಿಯ ಪೆಟ್ರೋಲ್ ಬೇಕು. ಆದರೆ 200 ಯೂನಿಟ್ ದಾಟಿದ ಮನೆಗೆ ಗೃಹಜ್ಯೋತಿಯ ಉಚಿತ ವಿದ್ಯುತ್ ಇಲ್ಲ. ಆ ಮನೆ ಪೂರ್ತಿ ಬಿಲ್ ಕಟ್ಟಬೇಕು. ಅದನ್ನು ಸೇರಿಸಿದರೂ ವಿದ್ಯುತ್ ಕಾರೇ ಅಗ್ಗ. ಬಾಡಿಗೆ ಮನೆಯಲ್ಲಿ ಚಾರ್ಜ್ ಮಾಡಲು ಸ್ಥಳವಿಲ್ಲದವರಿಗೆ ಮಾತ್ರ ಹೈಬ್ರಿಡ್‌ನ ಆಕರ್ಷಣೆ ಉಳಿಯುತ್ತದೆ.

ಸರ್ಕಾರದ ನೀತಿಯೂ ಈ ಗೊಂದಲವನ್ನು ಹೆಚ್ಚಿಸಿದೆ. ವಿದ್ಯುತ್ ಕಾರಿಗೆ ಶೇ 5 ಜಿಎಸ್‌ಟಿ, ನಾಲ್ಕು ಮೀಟರಿಗಿಂತ ಉದ್ದದ ಹೈಬ್ರಿಡ್‌ಗೆ ಶೇ 40. ಇಂಧನ ಉಳಿಸುವ ಹೈಬ್ರಿಡ್ ಮತ್ತು ಇಂಧನ ಕುಡಿಯುವ ದೊಡ್ಡ ಕಾರು ಒಂದೇ ತಕ್ಕಡಿಯಲ್ಲಿ ತೂಗಲ್ಪಡುತ್ತಿವೆ. ಉತ್ತರ ಪ್ರದೇಶ 2024ರ ಜುಲೈನಲ್ಲಿ ಪೂರ್ಣ ಹೈಬ್ರಿಡ್‌ಗಳ ನೋಂದಣಿ ತೆರಿಗೆ ಮನ್ನಾ ಮಾಡಿತು. ಹೈರೈಡರ್ ತಯಾರಾಗುವ ರಾಜ್ಯವಾದ ನಮ್ಮಲ್ಲಿ ಅದಕ್ಕೆ ಒಂದು ತಿಂಗಳ ಮೊದಲು ಪೆಟ್ರೋಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ 29.84ಕ್ಕೆ ಏರಿಸಿ ಲೀಟರಿಗೆ ಮೂರು ರೂಪಾಯಿ ಹೆಚ್ಚಿಸಲಾಯಿತು. ದಿನವೂ ಊರಿಂದೂರಿಗೆ ಹೋಗಿಬರುವ ನೌಕರನಿಗೆ ಇಂಧನ ದುಬಾರಿ, ಇಂಧನ ಉಳಿಸುವ ಕಾರೂ ದುಬಾರಿ.

ನನ್ನ ತೀರ್ಮಾನ ಇಷ್ಟು. ವರ್ಷಕ್ಕೆ ಹದಿನೆಂಟು ಸಾವಿರ ಕಿ.ಮೀ. ಓಡುವ, ದೊಡ್ಡ ಕಾರಿನ ಅಗತ್ಯವಿರುವ, ಮನೆಯಲ್ಲಿ ಚಾರ್ಜ್ ಮಾಡಲಾಗದ ಕುಟುಂಬಕ್ಕೆ, ವಾರಂಟಿ ಬಾಕಿಯಿರುವ ಪೂರ್ಣ ಹೈಬ್ರಿಡ್ ಒಂದೂವರೆ ಲಕ್ಷದ ವ್ಯತ್ಯಾಸದೊಳಗೆ ಸಿಕ್ಕಿದರೆ ಕೊಳ್ಳಬಹುದು. ಇದರಲ್ಲಿ ಒಂದು ಷರತ್ತು ತಪ್ಪಿದರೂ ಸಣ್ಣ ಪೆಟ್ರೋಲ್ ಕಾರೇ ಲೇಸು. ಹಂಪಿಯವರೆಗೆ ಹೋಗಿಬರುವವರು ಈ ಗೊಡವೆಗೇ ಹೋಗಬೇಕಿಲ್ಲ.

ಕೊನೆಗೆ, ಯಾವ ಶೋರೂಮಿನಲ್ಲೂ ಹೇಳಿಕೊಡದ ಒಂದು ಲೆಕ್ಕವಿದೆ. ಲೀಟರಿಗೆ 15 ಕಿ.ಮೀ. ಕೊಡುವ ಹಳೆಯ ಪೆಟ್ರೋಲ್ ಕಾರಿನಲ್ಲಿ ಇಬ್ಬರು ಸಹೋದ್ಯೋಗಿಗಳು ಕೂಡಿ ಕಂಪ್ಲಿಗೆ ಹೋದರೆ ತಲಾ ವೆಚ್ಚ ವರ್ಷಕ್ಕೆ ಸುಮಾರು 62,000 ರೂಪಾಯಿ. ಒಬ್ಬರೇ ಹೈಬ್ರಿಡ್‌ನಲ್ಲಿ ಹೋದರೆ 84,000. ನಾಲ್ವರು ಕೂಡಿದರೆ ಆ 62,000ವೂ ಅರ್ಧವಾಗುತ್ತದೆ. ಕಚೇರಿ ವೇಳೆಗೆ ಹೊಂದುವ ಬಸ್ಸು, ತೋರಣಗಲ್ಲಿನವರಿಗೆ ರೈಲು ಸಿಕ್ಕಿದರಂತೂ ಇನ್ನೂ ಕಡಿಮೆ. ಬ್ಯಾಟರಿಗಿಂತ ಮೊದಲು ಪಕ್ಕದ ಖಾಲಿ ಸೀಟಿನ ಬಗ್ಗೆ ಯೋಚಿಸುವುದು ಜಾಣತನ.