ಎಂಜಿನಿಯರ್ ಬಿಟ್ಟರೆ 'ಚೇಂಜ್', ಡ್ರೈವರ್ ಬಿಟ್ಟರೆ 'ಪರಾರಿ'!

ನಮ್ಮ ಜನರ ಮಾತನ್ನೇ ಒಮ್ಮೆ ಗಮನಿಸಿ. ದಾವಣಗೆರೆಯ ಬಿಐಇಟಿಯಲ್ಲೋ ಯುಬಿಡಿಟಿಯಲ್ಲೋ ಓದಿ ಅಮೆರಿಕಕ್ಕೆ ಹೋದ ಹುಡುಗ ಕೆಲಸ ಬಿಟ್ಟು ಬೇರೆ ಕಡೆ ಸೇರಿದರೆ, ಶಾಮನೂರಿನಲ್ಲಿರುವ ಅವನ ಅಪ್ಪ "ಮಗ ಕಂಪನಿ ಚೇಂಜ್ ಮಾಡ್ದ" ಅಂತ ಎದೆಯುಬ್ಬಿಸಿ ಹೇಳ್ತಾರೆ. ಹರಿಹರದಿಂದ ಸೌದಿಗೆ ಹೋದ ಡ್ರೈವರ್ ನಾಲ್ಕು ತಿಂಗಳು ಸಂಬಳ ಸಿಗದೆ ಮಾಲೀಕನ ಮನೆ ಬಿಟ್ಟರೆ? "ಓಡಿಹೋದನಂತೆ" ಅಂತೀವಿ. ಹುಡುಗನದೇ ಏನೋ ತಪ್ಪಿರಬೇಕು ಅಂತ ತೀರ್ಪನ್ನೂ ಕೊಟ್ಟುಬಿಡ್ತೀವಿ.

ಇಬ್ಬರ ವೀಸಾವೂ ಮಾಲೀಕನ ಹೆಸರಿಗೇ ಕಟ್ಟಿದ್ದು. ಆದರೆ ಗಂಟು ಬೇರೆ ಬೇರೆ. ಅಮೆರಿಕದ ಎಚ್-1ಬಿ ವೀಸಾದವನು ಬೇರೆ ಕಂಪನಿಗೆ ಹೋಗಲು ಹಳೇ ಕಂಪನಿಯ ಒಪ್ಪಿಗೆ ಬೇಕಿಲ್ಲ. ಹೊಸ ಕಂಪನಿ ಅರ್ಜಿ ಹಾಕಿದರೆ ಸಾಕು, ಅಲ್ಲಿ ಕೆಲಸ ಶುರು ಮಾಡಬಹುದು. 2000ನೇ ಇಸವಿಯಿಂದಲೇ ಈ ಕಾನೂನು ಇದೆ. ಕೆಲಸ ಹೋದರೂ ಇನ್ನೊಂದು ಹುಡುಕಿಕೊಳ್ಳಲು 60 ದಿನದವರೆಗೆ ಅವಕಾಶ ಇದೆ. ಅವನಿಗೂ ಕಷ್ಟ ಇಲ್ಲ ಅಂತಲ್ಲ. ಆದರೆ ಅವನನ್ನು ಯಾರೂ ಪರಾರಿ ಅನ್ನಲ್ಲ.

ಗಲ್ಫ್‌ನ ಕಫಾಲಾ ಪದ್ಧತಿ ಹಾಗಲ್ಲ. ಅಲ್ಲಿ ಕೆಲಸಗಾರನ ಜುಟ್ಟು ಕಫೀಲ್ ಅಂದರೆ ಮಾಲೀಕನ ಕೈಯಲ್ಲಿ. ಇಕಾಮಾ ನವೀಕರಣ ಮಾಡಿಸಬೇಕಾದವನು ಅವನೇ. ಅವನು ಮಾಡಿಸದಿದ್ದರೂ ರಸ್ತೆಯಲ್ಲಿ ಸಿಕ್ಕಿಬೀಳುವವನು ಕೆಲಸಗಾರ. ಸಂಬಳ ಕೇಳಿ ಜಗಳವಾಗಿ ಹೊರಬಂದರೆ ಸೌದಿಯಲ್ಲಿ 'ಹುರೂಬ್' ಅಂತ ಮಾಲೀಕ ವರದಿ ಹಾಕಬಹುದು. ಅಂದರೆ 'ತಲೆಮರೆಸಿಕೊಂಡವನು'. ಅಲ್ಲಿಗೆ ಸಂಬಳ ಬಾಕಿ ಇಟ್ಟವನು ದೂರುದಾರ, ದುಡಿದವನು ಕಳ್ಳ!

ಇದು ಎಂಥ ಅನ್ಯಾಯ ಅಂತ ತಿಳಿಯಲು ಗಲ್ಫ್‌ಗೆ ಹೋಗಬೇಕಿಲ್ಲ. ನಮ್ಮ ಭದ್ರಾ ನಾಲೆ ಬಯಲಿನಲ್ಲಿ ನಾಟಿ ಹಚ್ಚುವ ಹೆಣ್ಣುಮಕ್ಕಳ ಗುಂಪನ್ನೇ ನೋಡಿ. ಒಬ್ಬ ಗೌಡರು ಕೂಲಿ ಸತಾಯಿಸಿದರೆ ಮುಂದಿನ ಸಲ ಪಕ್ಕದ ಗದ್ದೆಗೆ ಹೋಗ್ತಾರೆ. ಆ ಭಯಕ್ಕೇ ಗೌಡರು ಸಂಜೆ ಕೂಲಿ ಎಣಿಸಿ ಕೊಡ್ತಾರೆ. ಬಡವನ ಕೈಯಲ್ಲಿರುವ ಒಂದೇ ಆಯುಧ 'ಬಿಟ್ಟು ಹೋಗ್ತೀನಿ' ಅನ್ನೋ ಮಾತು. ಅದನ್ನು ಕಿತ್ತುಕೊಂಡ ಮೇಲೆ ಸಂಬಳ ಎಷ್ಟು ಅಂತ ಬರೆದುಕೊಟ್ಟರೂ ಏನು ಬೆಲೆ?

ನಮ್ಮಲ್ಲಿ ಇದಕ್ಕೊಂದು ಹೆಸರಿದೆ: ಜೀತ. ಸಾಲ ಕೊಟ್ಟವನ ಹಟ್ಟಿ ಬಿಟ್ಟು ಹೋಗುವಂತಿಲ್ಲ ಅನ್ನೋ ಆ ಪದ್ಧತಿಯನ್ನು 1976ರ ಕಾಯ್ದೆ ನಿಷೇಧಿಸಿ, ಜೀತದ ಸಾಲವನ್ನೂ ರದ್ದು ಮಾಡಿತು. ಈಗ ಸಾಲ ಏಜೆಂಟನಿಗಾಗಿ ಮಾಡಿದ್ದು, ಹಟ್ಟಿ ಸಮುದ್ರದಾಚೆ. ನೋಂದಾಯಿತ ಏಜೆಂಟ್ ಸೇವಾ ಶುಲ್ಕವಾಗಿ ಪಡೆಯಬಹುದಾದದ್ದು ಹೆಚ್ಚೆಂದರೆ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದರ ಮೇಲೆ ಒಡವೆ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟವನು ಮಾಲೀಕ ಹೊಡೆದರೂ ಬಾಯಿ ಬಿಡಲ್ಲ. ಮನೆಯವರೂ ಫೋನಲ್ಲಿ "ಸಾಲ ತೀರೋವರೆಗೂ ಹೊಂದ್ಕೊಂಡು ಹೋಗಪ್ಪ" ಅಂತಾರೆ.

"ಅಗ್ರಿಮೆಂಟಿಗೆ ಸಹಿ ಹಾಕಿ ಬಿಟ್ಟು ಬರೋದು ಸರೀನಾ? ಮಾಲೀಕನೂ ವೀಸಾಕ್ಕೆ ದುಡ್ಡು ಹಾಕಿರ್ತಾನಲ್ಲ?" ಅಂತ ಕೇಳುವವರಿದ್ದಾರೆ. ಸರಿ, ಅಗ್ರಿಮೆಂಟ್ ಇಬ್ಬರಿಗೂ ತಾನೆ? ಸಂಬಳ ನಿಲ್ಲಿಸಿದ ದಿನವೇ ಅದನ್ನು ಮುರಿದವನು ಮಾಲೀಕ. ಅವನಿಗೆ ನಷ್ಟವಾಗಿದ್ದರೆ ಕೋರ್ಟಿಗೆ ಹೋಗಲಿ. ಮನುಷ್ಯನನ್ನೇ ಒತ್ತೆ ಇಟ್ಟುಕೊಳ್ಳುವುದು ವಸೂಲಿಯ ದಾರಿಯಲ್ಲ. ಪಾಸ್‌ಪೋರ್ಟ್ ಕಸಿದಿಟ್ಟುಕೊಳ್ಳಲಂತೂ ಅವನಿಗೆ ಹಕ್ಕೇ ಇಲ್ಲ. ಅದು ಭಾರತ ಸರ್ಕಾರದ ಆಸ್ತಿ.

ಇನ್ನು ಕೆಲವರು "ಕಫಾಲಾ ಎಲ್ಲಾ ಹೋಯ್ತು" ಅಂತ ವಾಟ್ಸ್ಯಾಪ್‌ನಲ್ಲಿ ಹಂಚ್ತಾರೆ. ಪೂರ್ತಿ ಓದಿ. ಕತಾರ್ 2020ರಲ್ಲಿ ಮಾಲೀಕನ ಎನ್‌ಒಸಿ ಬೇಡ ಅಂದಿತು, ಮನೆಕೆಲಸದವರಿಗೂ ಸೇರಿಸಿ. ಸೌದಿ 2021ರ ಮಾರ್ಚ್ 14ರಿಂದ, ಒಂದು ವರ್ಷ ದುಡಿದ ಮೇಲೆ ಮಾಲೀಕನ ಒಪ್ಪಿಗೆಯಿಲ್ಲದೆ ಬದಲಾಗಲು ಬಿಟ್ಟಿತು. ಸತತ ಮೂರು ತಿಂಗಳು ಸಂಬಳ ಬರದಿದ್ದರೆ ವರ್ಷ ಕಾಯಬೇಕಾಗಿಯೂ ಇಲ್ಲ. ಒಳ್ಳೇದೇ. ಆದರೆ ಆ ಸುಧಾರಣೆಯಿಂದ ಸೌದಿ ಹೊರಗಿಟ್ಟಿದ್ದು ಯಾರನ್ನು? ಮನೆಕೆಲಸದವರು, ಮನೆ ಡ್ರೈವರ್, ತೋಟದ ಮಾಲಿ, ಕುರಿ ಕಾಯುವವರು, ಹೊಲದ ಕೂಲಿಗಳು. ಹತ್ತನೇ ಕ್ಲಾಸ್ ದಾಟದ ನಮ್ಮ ಹುಡುಗರಿಗೆ ಏಜೆಂಟ್ ತೋರಿಸುವ ಕೆಲಸಗಳೇ ಇವು!

ಆದ್ದರಿಂದ ದುಡ್ಡು ಕೊಡೋ ಮೊದಲು "ಸಂಬಳ ಎಷ್ಟು" ಅಂತಷ್ಟೇ ಕೇಳಬೇಡಿ. ವೀಸಾ ಯಾರ ಹೆಸರಲ್ಲಿದೆ, ಅದರಲ್ಲಿ ಬರೆದ ಹುದ್ದೆ ಏನು ಅಂತ ಕೇಳಿ. ಕಂಪನಿ ಡ್ರೈವರ್ ಬೇರೆ, ಮನೆ ಡ್ರೈವರ್ ಬೇರೆ. "ಆಜಾದ್ ವೀಸಾ, ಎಲ್ಲಿ ಬೇಕಾದರೂ ದುಡಿಯಬಹುದು" ಅಂದವನನ್ನು ಬಾಗಿಲಿಂದಲೇ ಕಳಿಸಿ. ಕಾನೂನಿನಲ್ಲಿ ಅಂಥ ವೀಸಾನೇ ಇಲ್ಲ. ಹೆಸರಿಗೊಬ್ಬ ಕಫೀಲ್ ಇರ್ತಾನೆ; ಬೇರೆ ಕಡೆ ದುಡಿಯುತ್ತಾ ಸಿಕ್ಕಿಬಿದ್ದರೆ ಜೈಲು, ಗಡೀಪಾರು.

ನಮ್ಮ ಜನಪ್ರತಿನಿಧಿಗಳಿಗೆ ಒಂದು ಪ್ರಶ್ನೆ. 2023ರ ಏಪ್ರಿಲ್‌ನಲ್ಲಿ ಸುಡಾನ್‌ನಲ್ಲಿ ಗುಂಡಿನ ಸದ್ದು ಕೇಳಿದಾಗ ನಮ್ಮ ಜಿಲ್ಲೆಯ ಹಕ್ಕಿಪಿಕ್ಕಿ ಜನರೂ ಅಲ್ಲಿ ಸಿಕ್ಕಿಕೊಂಡಿದ್ದರು. ಅವರು ವ್ಯಾಪಾರಕ್ಕೆ ಹೋದವರು, ಕೂಲಿಗಲ್ಲ. ಆದರೆ ವಿದೇಶಕ್ಕೆ ಹೋಗುವುದು ಮಂಗಳೂರು, ಭಟ್ಕಳದವರು ಮಾತ್ರ ಅನ್ನೋ ಭ್ರಮೆ ಅಲ್ಲಿಗಾದರೂ ಹೋಗಬೇಕಿತ್ತಲ್ಲ? ಪಕ್ಕದ ಕೇರಳ 1996ರಲ್ಲೇ ನೋರ್ಕಾ ಅಂತ ಪ್ರತ್ಯೇಕ ಇಲಾಖೆ ಮಾಡಿಕೊಂಡಿದೆ. ನಾವು ಕೇಳೋದು ಇಲಾಖೆಯನ್ನಲ್ಲ. ಜಿಲ್ಲಾಧಿಕಾರಿ ಕಚೇರಿಯಲ್ಲಿ ಒಂದು ಮೇಜು, ಒಬ್ಬ ಗುಮಾಸ್ತ. ಹೋಗುವವರ ಅಗ್ರಿಮೆಂಟನ್ನು ಕನ್ನಡದಲ್ಲಿ ಓದಿ ಹೇಳಲಿ. ಅಲ್ಲಿ ಸಿಕ್ಕಿಕೊಂಡವರ ದೂರನ್ನು ವಿದೇಶಾಂಗ ಇಲಾಖೆಯ 'ಮದದ್' ಪೋರ್ಟಲ್‌ಗೆ ಹಾಕಿ ಬೆನ್ನುಹತ್ತಲಿ. ದೆಹಲಿಯವರು ಗಲ್ಫ್ ದೊರೆಗಳ ಜೊತೆ ಕೈಕುಲುಕುವಾಗ, ಮನೆ ಡ್ರೈವರ್‌ಗೂ ಮಾಲೀಕನನ್ನು ಬದಲಿಸುವ ಹಕ್ಕು ಕೊಡಿ ಅಂತ ನಮ್ಮ ಸಂಸದರು ಕೇಳಿಸಲಿ.

ಅದೆಲ್ಲ ಆಗೋವರೆಗೆ ನಾವು ಮಾಡಬಹುದಾದ್ದು ಒಂದಿದೆ, ಅದಕ್ಕೆ ಪೈಸೆ ಖರ್ಚಿಲ್ಲ. ಬರಿಗೈಯಲ್ಲಿ ವಾಪಸ್ ಬಂದ ಹುಡುಗನನ್ನು "ಯಾಕೆ ಓಡಿಬಂದೆ" ಅಂತ ಕೇಳಬೇಡಿ. "ಎಷ್ಟು ತಿಂಗಳ ಸಂಬಳ ಬಾಕಿ ಐತಿ" ಅಂತ ಕೇಳಿ.