ಗೇರಿನ ಮೋಟಾರೂ ಚಾಲಕನ ಲೈಸೆನ್ಸೂ

ಯಲಹಂಕದಿಂದ ಬಳ್ಳಾರಿ ರಸ್ತೆಯನ್ನು ಹಿಡಿದು ಬೆಳಗಿನ ಹೊತ್ತು ನಗರಕ್ಕೆ ಬರತಕ್ಕವರಿಗೆ ಹೆಬ್ಬಾಳದ ಮೇಲುಸೇತುವೆಯ ಏರು ಚಿರಪರಿಚಿತವಾದುದು. 2003ನೆಯ ಇಸವಿಯಲ್ಲಿ ತೆರೆದ ಈ ಸೇತುವೆಯ ಮೇಲೆ, 2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣವು ಪ್ರಾರಂಭವಾದಂದಿನಿಂದ, ಸಂದಣಿಯು ಹೇಳತೀರದು. ಮುಂದಿನ ಗಾಡಿ ಎರಡು ಮಾರು ಸರಿದು ನಿಲ್ಲುವುದು. ಹಿಂದಿನವನು ಗೇಣು ಜಾಗವನ್ನೂ ಉಳಿಸದೆ ಬಂದು ನಿಂತಿರುವನು. ಗೇರಿನ ಮೋಟಾರನ್ನು ನಡೆಯಿಸುವವನ ವಿದ್ಯೆಗೆ ನಿಜವಾದ ಪರೀಕ್ಷೆ ಇಲ್ಲಿಯೇ. ಬಲ್ಲವನು ಹ್ಯಾಂಡ್ ಬ್ರೇಕನ್ನು ಎಳೆದಿಟ್ಟು, ಕ್ಲಚ್ಚನ್ನು ಮೆಲ್ಲಗೆ ಮೇಲಕ್ಕೆ ಬಿಡುತ್ತಾ, ಎಂಜಿನಿನ ಧ್ವನಿಯು ಕೊಂಚ ತಗ್ಗಿ ಗಾಡಿಯ ಮೂತಿಯು ಮೇಲೆದ್ದ ಆ ಕ್ಷಣದಲ್ಲಿ ಬ್ರೇಕನ್ನು ಸಡಿಲಿಸುವನು. ಗಾಡಿ ಒಂದಂಗುಲವೂ ಹಿಂಜರಿಯದು. ಅರಿಯದವನ ಹಿಂದೆ ನಿಂತವರನ್ನು ದೇವರೇ ಕಾಯಬೇಕು.

ಈ ವಿದ್ಯೆಯಲ್ಲಿ ಒಂದು ಸೊಗಸುಂಟು. ಗೇರು ಬದಲಿಸಲು ಕಣ್ಣು ಬೇಡ, ಕಿವಿ ಸಾಕು. 1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಮೋಟಾರಿನಲ್ಲಿ ಗೇರುಗಳ ವೇಗವನ್ನು ತಾನಾಗಿ ಹೊಂದಿಸುವ ಏರ್ಪಾಡು ಬರುವುದಕ್ಕೆ ಮುಂಚೆ ಚಾಲಕನು ಒಂದು ಗೇರಿಗೆ ಎರಡು ಸಲ ಕ್ಲಚ್ಚನ್ನು ತುಳಿಯಬೇಕಾಗುತ್ತಿತ್ತು. ತಪ್ಪಿದರೆ ಹಲ್ಲುಗಳು ಕಿರುಚಿ ಬೀದಿಗೆಲ್ಲ ಸಾರುತ್ತಿದ್ದವು. ನಮ್ಮ ಅಧಿಕಾರಿಗಳನ್ನು ಬಹುಕಾಲ ಹೊತ್ತು ತಿರುಗಿದ, 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಗಾಡಿಯಲ್ಲಿ ಹಿಂದೆ ಗೇರಿನ ಕೋಲು ಸ್ಟೀರಿಂಗಿನ ಪಕ್ಕದಲ್ಲಿಯೇ ಇರುತ್ತಿತ್ತು. ಒಂದು ಗಾಡಿಯದು ತಳ್ಳಿದರೆ ಬೀಳುವುದು, ಇನ್ನೊಂದರದು ಪುಸಲಾಯಿಸಿದರೆ ಮಾತ್ರ! ಗಾಡಿಯ ಸ್ವಭಾವವನ್ನು ಹಳೆಯ ಡ್ರೈವರನಲ್ಲದೆ ಸಾಹೇಬರು ಅರಿಯುತ್ತಿರಲಿಲ್ಲ.

ಹಾಗೆಂದು ನಾವು ಗೇರು ಹಾಕಬೇಕಿಲ್ಲದ ಮೋಟಾರಿನ ವೈರಿಗಳಲ್ಲ. ಮೇಖ್ರಿ ವೃತ್ತದಲ್ಲಿ ಅರ್ಧ ಗಂಟೆ ಕ್ಲಚ್ಚನ್ನು ತುಳಿದ ಮೊಣಕಾಲಿಗೆ ಅದು ಉಪಕಾರಿಯೇ. 2014ರಲ್ಲಿ ಮಾರುತಿಯ ಸೆಲೆರಿಯೋ ಗಾಡಿಯೊಡನೆ, ಯಂತ್ರವೇ ಕ್ಲಚ್ಚನ್ನು ತುಳಿದು ಗೇರನ್ನು ಬದಲಿಸುವ ಅಗ್ಗದ ಏರ್ಪಾಡು ಬಂದುದರಿಂದ ಸಾಮಾನ್ಯ ಗೃಹಸ್ಥರಿಗೂ ಆ ಸುಖವು ದೊರೆಯಿತು. ನಮ್ಮ ಆಕ್ಷೇಪಣೆಯಿರುವುದು ಗಾಡಿಯ ಮೇಲಲ್ಲ, ಶಾಸನದ ಮೇಲೆ.

1988ನೆಯ ಮೋಟಾರು ವಾಹನಗಳ ಆಕ್ಟಿನ 10ನೆಯ ಸೆಕ್ಷನ್ನು ಗೇರುಳ್ಳ ಮೋಟಾರ್ ಸೈಕಲ್ಲನ್ನೂ ಗೇರಿಲ್ಲದ್ದನ್ನೂ ಬೇರೆ ಬೇರೆ ವರ್ಗಗಳನ್ನಾಗಿ ಎಣಿಸಿದೆ. ನಾಲ್ಕು ಗಾಲಿಯ ವಿಷಯಕ್ಕೆ ಬಂದರೆ ಲಘು ಮೋಟಾರು ವಾಹನವೆಂಬ ಒಂದೇ ಹೆಸರು. ಗೇರಿನ ಮಾತೇ ಇಲ್ಲ. ಬ್ರಿಟನ್ನಿನಲ್ಲಿ ಗೇರು ಬದಲಿಸಬೇಕಿಲ್ಲದ ಗಾಡಿಯಲ್ಲಿ ಪರೀಕ್ಷೆ ಕೊಟ್ಟವನು ಗೇರಿನ ಗಾಡಿಯನ್ನು ಮುಟ್ಟುವಂತಿಲ್ಲ. ನಮ್ಮಲ್ಲಾದರೋ, 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠವು ಲಘು ವಾಹನದ ಲೈಸೆನ್ಸುಳ್ಳವನು 7,500 ಕಿಲೋ ಮೀರದ ಸಾಗಣೆ ವಾಹನವನ್ನೂ ನಡೆಯಿಸಬಹುದೆಂದು ತೀರ್ಪಿತ್ತಿತು. ಬಡ ಚಾಲಕರ ಜೀವನೋಪಾಯಕ್ಕೆ ಇದು ಹಿತವಾದುದೇ. ಆದರೆ ಇದರಿಂದ ಒದಗುವ ವಿಚಿತ್ರವನ್ನು ವಾಚಕರು ಗಮನಿಸಬೇಕು. ಎಡಗಾಲಿಗೆ ಕೆಲಸವೇ ಇಲ್ಲದ ಪುಟ್ಟ ಕಾರಿನಲ್ಲಿ ತೇರ್ಗಡೆಯಾದ ಯುವಕನು ಮರುದಿನವೇ ಯಶವಂತಪುರದ ಮಂಡಿಯಿಂದ ಈರುಳ್ಳಿ ಚೀಲಗಳನ್ನು ಹೇರಿದ ಗೇರಿನ ಟೆಂಪೋವನ್ನು ಹೆಬ್ಬಾಳದ ಏರಿಗೆ ತರಬಹುದು, ಶಾಸನವು ತಡೆಯದು. ಬರೇ ಸ್ಕೂಟರಿನ ಲೈಸೆನ್ಸುಳ್ಳ ಅವನ ತಮ್ಮನು ಗೇರಿನ ಮೋಟಾರ್ ಸೈಕಲ್ಲನ್ನು ಹತ್ತಿದರೆ ಮಾತ್ರ ಅಪರಾಧ!

ಸ್ವಂತ ಕಾರಿನವನಿಗೆ ಎರಡನೆಯ ಪರೀಕ್ಷೆಯ ತೊಂದರೆ ಏಕೆ ಎಂದು ಕೆಲವರು ಕೇಳಿಯಾರು. ಅವನಿಗೆ ಬೇಡ. ಲೈಸೆನ್ಸಿನಲ್ಲಿ ಗೇರು ಸಹಿತವೋ ರಹಿತವೋ ಎಂದು ಒಂದು ಪದವನ್ನು ಬರೆದರೆ ಸಾಕು. ಬಾಡಿಗೆಯ ಗಾಡಿಯನ್ನು ನಡೆಯಿಸಬಯಸುವವನು ಮಾತ್ರ ಗೇರಿನ ಗಾಡಿಯಲ್ಲಿ, ಏರಿನ ಮೇಲೆ ನಿಲ್ಲಿಸಿ ಹೊರಡಿಸಿ ತೋರಿಸಲಿ. ಸೆಕ್ಷನ್ನಿನ ತಿದ್ದುಪಡಿಯು ಪಾರ್ಲಿಮೆಂಟಿನ ಕೆಲಸ. ನಮ್ಮ ಪ್ರತಿನಿಧಿಗಳು ಅಲ್ಲಿ ಇದನ್ನೆತ್ತಬೇಕು. ಅಷ್ಟರೊಳಗೆ ಆರ್.ಟಿ. ನಗರದಲ್ಲಿಯಾಗಲಿ ಯಲಹಂಕದಲ್ಲಿಯಾಗಲಿ ಮಕ್ಕಳನ್ನು ಡ್ರೈವಿಂಗ್ ಶಾಲೆಗೆ ಸೇರಿಸುವ ಹಿರಿಯರು, ಹಣವನ್ನು ಕಟ್ಟುವುದಕ್ಕೆ ಮುಂಚೆ, ಏರಿನ ಪಾಠವು ಎಷ್ಟು ದಿನವೆಂದು ವಿಚಾರಿಸಿಕೊಳ್ಳಲಿ.